ನಾಸ್ಕಾ ಜನರ ಚಿತ್ರಕುಂಭಗಳು

ದಕ್ಷಿಣ ಅಮೆರಿಕದ ಪೆರು ದೇಶದ ದಕ್ಷಿಣ ಕರಾವಳಿಯಲ್ಲಿ ವರ್ಷಗಟ್ಟಲೆ ಮಳೆಯನ್ನೇ ಕಾಣದ ಮರುಭೂಮಿಯೊಂದುಂಟು. ಆಂಡೀಸ್ ಪರ್ವತಗಳಿಂದ ಇಳಿದು ಬರುವ ಸಣ್ಣ ಹೊಳೆಗಳ ದಂಡೆಗಳಲ್ಲಿ ಮಾತ್ರ ಹಸುರು. ಉಳಿದುದೆಲ್ಲ ಮರಳು, ಕಲ್ಲು. ಈ ಕಣಿವೆಗಳಲ್ಲಿ ಕ್ರಿಸ್ತಶಕದ ಆರಂಭದಿಂದ ಸುಮಾರು 650ರವರೆಗೆ ಬಾಳಿದವರೇ ನಾಸ್ಕಾ ಜನರು. ಅವರಿಗೆ ಲಿಪಿಯಿರಲಿಲ್ಲ. ಆದುದರಿಂದ ಅವರ ಚರಿತ್ರೆಯನ್ನು ಅರಿಯಬಯಸುವವನು ಶಾಸನವನ್ನಾಗಲಿ ನಾಣ್ಯವನ್ನಾಗಲಿ ಅರಸದೆ, ಮಡಕೆಗಳ ಬಳಿಗೇ ಹೋಗಬೇಕು.

ಎಂಥ ಮಡಕೆಗಳು! ನಾಸ್ಕಾ ಕುಂಬಾರನಿಗೆ ತಿಗರಿಯ ಪರಿಚಯವಿರಲಿಲ್ಲ. ಎಲ್ಲವೂ ಕೈಯ ಕೆಲಸ. ಆದರೂ ಪಾತ್ರೆಯ ಗೋಡೆ ತೆಳುವು, ಆಕಾರ ತಪ್ಪಿಲ್ಲ. ಎರಡು ನಳಿಕೆಗಳಂಥ ಬಾಯಿಗಳು, ಅವೆರಡನ್ನೂ ಸೇತುವೆಯಂತೆ ಕೂಡಿಸುವ ಚಪ್ಪಟೆ ಹಿಡಿ—ಇಂಥ ದುಂಡು ಹೂಜಿಯು ಅವರ ವಿಶೇಷ ರಚನೆ. ಅವರಿಗಿಂತ ಹಿಂದೆ ಅಲ್ಲಿಯೇ ಇದ್ದ ಪರಾಕಾಸ್ ಜನರು ಮಡಕೆಯನ್ನು ಸುಟ್ಟ ಮೇಲೆ ಅಂಟು ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಅದು ಸುಲಭವಾಗಿ ಉದುರುವುದು. ನಾಸ್ಕಾದವನು ಈ ಕ್ರಮವನ್ನು ತಿರುಗಿಸಿದನು. ಕಬ್ಬಿಣದ ಅಂಶವುಳ್ಳ ಕೆಂಪು ಮಣ್ಣು, ಮ್ಯಾಂಗನೀಸಿನ ಕಪ್ಪು, ಬಿಳಿಯ ಜೇಡಿ—ಇಂಥವುಗಳನ್ನು ನೀರಿನಲ್ಲಿ ಕಲಸಿ, ಸುಡುವುದಕ್ಕೆ ಮೊದಲೇ ಬಳಿದು, ತಿಕ್ಕಿ ಮೆರುಗುಗೊಳಿಸಿ, ಆಮೇಲೆ ಬೆಂಕಿಗಿಟ್ಟನು. ಒಂದೇ ಪಾತ್ರೆಯ ಮೇಲೆ ಹತ್ತಕ್ಕೂ ಮಿಗಿಲಾಗಿ ವರ್ಣಗಳು ಕಾಣುವುದುಂಟು. ಸಾವಿರದೈನೂರು ವರ್ಷ ಸಂದರೂ ಅವು ಮಾಸಿಲ್ಲ.

ಆದಿಯಲ್ಲಿ ಬರೆದುದು ಕಣ್ಣಿಗೆ ಕಂಡ ವಸ್ತುಗಳನ್ನು: ಮೀನು, ಹಕ್ಕಿ, ಅವರೆಯ ಜಾತಿಯ ಕಾಳು, ಮುಸುಕಿನ ಜೋಳ, ಮೆಣಸಿನಕಾಯಿ. ನಮ್ಮ ಅಡಿಗೆಮನೆಗೆ ಮೆಣಸಿನಕಾಯಿ ಬಂದುದು 16ನೆಯ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೆ ಸಾವಿರ ವರ್ಷ ಮುಂಚೆಯೇ ಅದರ ಚಿತ್ರ ಈ ಮಡಕೆಗಳ ಮೇಲಿತ್ತೆಂಬುದು ವಿನೋದವಲ್ಲವೆ? ಇವುಗಳೊಡನೆ ದೈವಗಳೂ ಬರುತ್ತವೆ—ಬಾಯಿಗೆ ಬಂಗಾರದ ಮೀಸೆಯಂಥ ಆಭರಣ ತೊಟ್ಟ ಮನುಷ್ಯರೂಪಿ, ಕೈಯಲ್ಲಿ ಕತ್ತಿ ಹಿಡಿದ ತಿಮಿಂಗಿಲ. ಕಾಲ ಸಂದಂತೆ ಈ ರೂಪಗಳಿಗೆ ಕವಲುಗಳೂ ಮುಳ್ಳುಗಳೂ ಸುರುಳಿಗಳೂ ಹಬ್ಬಿ, ಕೊನೆಗೆ ದೇವರಾವುದು ಅಲಂಕಾರವಾವುದು ತಿಳಿಯದಾಗುತ್ತದೆ. ನನಗಂತೂ ಮೊದಲಿನವೇ ಹೆಚ್ಚು ಪ್ರಿಯ.

ಇವುಗಳಲ್ಲಿ ನೋಡುವವರನ್ನು ಬೆಚ್ಚಿಸುವ ಚಿತ್ರವೆಂದರೆ ಕಡಿದ ತಲೆ. ತುಟಿಗಳಿಗೆ ಮುಳ್ಳು ಚುಚ್ಚಿ, ಹಣೆಗೆ ತೂತು ಕೊರೆದು ಹಗ್ಗ ಪೋಣಿಸಿದ ನಿಜವಾದ ತಲೆಗಳೂ ಅಗೆತದಲ್ಲಿ ದೊರೆತಿವೆ. ಇವು ಯುದ್ಧದಲ್ಲಿ ಮಡಿದ ಪರನಾಡಿನ ಶತ್ರುಗಳವೆಂದು ಅನೇಕರು ತಿಳಿದಿದ್ದರು. ಮಡಕೆಯೊಂದನ್ನೇ ನೋಡಿದವರಿಗೆ ಹಾಗೆ ತೋರುವುದು ಸಹಜ. ಆದರೆ ಕ್ರೋಬರ್ ಎಂಬ ಅಮೆರಿಕದ ವಿದ್ವಾಂಸರು 1926ರಲ್ಲಿ ನಾಸ್ಕಾದಲ್ಲಿ ಅಗೆದು, ಸಿಕ್ಕಿದ ಸ್ಥಳವನ್ನು ಬರೆದಿಟ್ಟು, ಚಿಕಾಗೋದ ವಸ್ತುಸಂಗ್ರಹಾಲಯಕ್ಕೆ ಸೇರಿಸಿದ ತಲೆಗಳಿದ್ದುವು. ಅವುಗಳ ಹಲ್ಲುಗಳಲ್ಲಿ ಉಳಿದಿದ್ದ ಸ್ಟ್ರಾನ್ಷಿಯಂ ಮೊದಲಾದ ಧಾತುಗಳನ್ನು ಪರೀಕ್ಷಿಸಿದವರು 2009ರಲ್ಲಿ ಪ್ರಕಟಿಸಿದ ಫಲಿತಾಂಶವೇನು? ಅವರು ದೂರದೇಶದವರಲ್ಲ, ಅದೇ ಕಣಿವೆಗಳ ನೀರು ಕುಡಿದು, ಅಲ್ಲಿಯ ಅನ್ನವುಂಡು ಬೆಳೆದವರು.

ಎಂಬತ್ತು ವರ್ಷಗಳ ತರುವಾಯ ಪ್ರಶ್ನೆಗೆ ಉತ್ತರ ದೊರೆತುದು ಸ್ಥಳವನ್ನು ಬರೆದಿಟ್ಟ ಒಂದು ದಾಖಲೆಯಿಂದ. ಈ ಮಾತಿನ ಬೆಲೆ ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 19ನೆಯ ಶತಮಾನದ ಕೊನೆಗೆ ಯೂರೋಪಿನ ಸಂಗ್ರಹಾಲಯಗಳಲ್ಲಿ ಇಂಥ ಕೆಲವು ಮಡಕೆಗಳಿದ್ದರೂ ಅವು ಯಾವ ಊರಿನವೆಂದು ಹೇಳುವವರಿರಲಿಲ್ಲ. ಜರ್ಮನಿಯ ಮ್ಯಾಕ್ಸ್ ಊಲೆ 1901ರಲ್ಲಿ ಇಕಾ ಕಣಿವೆಯ ಓಕುಕಾಹೆ ಎಂಬಲ್ಲಿ ಸಮಾಧಿಗಳನ್ನು ಅಗೆದು, ಅವುಗಳ ತವರನ್ನು ತೋರಿಸಿದರು. ಒಂದೇ ಗೋರಿಯಲ್ಲಿ ಯಾವ ಪಾತ್ರೆಯೊಡನೆ ಯಾವುದು ಇತ್ತೆಂಬುದನ್ನು ಹೋಲಿಸಿ ನೋಡಿ, ಲಾರೆನ್ಸ್ ಡಾಸನ್ ಅವರು ಈ ಕಲೆಯನ್ನು ಒಂಬತ್ತು ಘಟ್ಟಗಳಾಗಿ ವಿಂಗಡಿಸಿದರು. ಕೆವಿನ್ ವಾನ್ ಅವರು ಮಾರ್ಕಾಯಾ ಎಂಬ ಹಳ್ಳಿಯನ್ನು ಅಗೆದಾಗ ಸಾಮಾನ್ಯರ ಮನೆಗಳಲ್ಲಿಯೂ ಬಣ್ಣದ ಪಾತ್ರೆಗಳ ಚೂರುಗಳು ಸಿಕ್ಕಿದುವು. ಎಂದ ಮೇಲೆ ಈ ಕಲೆ ಒಡೆಯರ ಸೊತ್ತು ಮಾತ್ರವಾಗಿರಲಿಲ್ಲ.

ಇದಾವುದನ್ನೂ ಕದ್ದ ಮಡಕೆ ಹೇಳಲಾರದು. ಆದರೂ ನಾಸ್ಕಾ ಕಣಿವೆಗಳ ಸ್ಮಶಾನಗಳಲ್ಲಿ ಕಳ್ಳರು ತೋಡಿದ ಗುಂಡಿಗಳೇ ಎಲ್ಲೆಲ್ಲಿಯೂ. ಅವರಿಗೆ ಬೇಕಾದುದು ಮಾರಾಟವಾಗುವ ಇಡಿಯ ಪಾತ್ರೆ. ಜೊತೆಯಲ್ಲಿದ್ದ ಬಟ್ಟೆ ಹರಿದು, ಎಲುಬು ಮುರಿದು, ಒಡಕು ಚೂರುಗಳೊಡನೆ ಮರಳಿನ ಮೇಲೆ ಬಿದ್ದಿರುತ್ತವೆ. ಮಡಕೆ ಮಾತ್ರ ಹೆಸರಿಲ್ಲದೆ, ಊರಿಲ್ಲದೆ, ಯಾರದೋ ಗಾಜಿನ ಕಪಾಟನ್ನು ಸೇರುತ್ತದೆ.