ಹಮಾಲರ ಬಿಯರು

ಹೈದರಾಬಾದಿನ ಕುಷಾಯಿಗೂಡದಲ್ಲಿ ಮದ್ಯದಂಗಡಿಗೆ ‘ವೈನ್ಸ್’ ಎಂದೇ ಹೆಸರು. ಅಲ್ಲಿ ಬಿಯರು ಕೇಳಿದರೆ ಬರುವ ಮರುಪ್ರಶ್ನೆ ಒಂದೇ: ‘ಲೈಟಾ, ಸ್ಟ್ರಾಂಗಾ?’ ತೆಲುಗಿನವರಿಗೂ ಕನ್ನಡದವರಿಗೂ ಉರ್ದುವಿನವರಿಗೂ ತರ್ಜುಮೆ ಬೇಡದ ಪ್ರಶ್ನೆ ಅದು. ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಬಂದವರಲ್ಲಿ ಹೆಚ್ಚಿನವರು ಸ್ಟ್ರಾಂಗ್ ಎನ್ನುತ್ತಾರೆ. ನಮ್ಮ ಆಹಾರ ನಿಯಮಗಳ ಪ್ರಕಾರ ಆಲ್ಕೋಹಾಲ್ ಶೇ 5ನ್ನು ದಾಟಿ ಶೇ 8ರವರೆಗೆ ಇದ್ದರೆ ಅದು ಸ್ಟ್ರಾಂಗ್. ಒಳಗಿರುವುದು ಮಂದವೋ ತೆಳುವೋ ಎಂದು ಯಾರೂ ಕೇಳುವುದಿಲ್ಲ.

ಅಲ್ಲಿಂದ ಹತ್ತು ಕಿಲೋಮೀಟರಿನೊಳಗೆ, ಸಿಕಂದರಾಬಾದಿನ ದಂಡುಪ್ರದೇಶದ ತಿರುಮಲಗಿರಿ ಇದೆ. ಇನ್ನೂರು ವರ್ಷಗಳ ಹಿಂದೆ ಇಂಥ ದಂಡುಗಳಲ್ಲಿ ಸಾಮಾನ್ಯ ಬ್ರಿಟಿಷ್ ಸೈನಿಕನಿಗೆ ಬಿಯರೆಂದರೆ ಬಾಯಿತುಂಬ ನಿಲ್ಲುವ, ಮಂದವಾದ ಕಪ್ಪು ಪಾನೀಯ. ತಿಳಿಯಾದ ಹೊಂಬಣ್ಣದ್ದು ಅಧಿಕಾರಿಗಳ ಮೇಜಿಗೆ ಹೋಗುತ್ತಿತ್ತು.

ಆ ಕಪ್ಪು ಬಿಯರಿನ ಹೆಸರು ಪೋರ್ಟರ್. 18ನೇ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನಲ್ಲಿ ರೂಪುಗೊಂಡಿತು. ಥೇಮ್ಸ್ ದಂಡೆಯಲ್ಲೂ ಬೀದಿಗಳಲ್ಲೂ ಮೂಟೆ ಹೊರುತ್ತಿದ್ದ ಪೋರ್ಟರುಗಳು, ಎಂದರೆ ಹಮಾಲರು, ಅದನ್ನು ಎಷ್ಟು ಕುಡಿಯುತ್ತಿದ್ದರೆಂದರೆ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ಅದರಲ್ಲೇ ಹೆಚ್ಚು ಗಟ್ಟಿಯಾದದ್ದನ್ನು ‘ಸ್ಟೌಟ್ ಪೋರ್ಟರ್’ ಎಂದರು. ಬರಬರುತ್ತ ಸ್ಟೌಟ್ ಎಂಬುದಷ್ಟೇ ಉಳಿಯಿತು. ಬೆನ್ನು ಬಗ್ಗಿಸಿ ದುಡಿಯುವವರಿಗೆ ಅದು ಅರ್ಧ ಊಟವಿದ್ದಂತೆ ಎಂಬ ನಂಬಿಕೆ ಇತ್ತು. ನಮ್ಮಲ್ಲಿ ಅಂಬಲಿ ಕುಡಿದು ಹೊಲಕ್ಕೆ ಹೋಗುವವರು ಹೇಳುವ ಮಾತಿನಂತೆಯೇ.

ಮಂದ ಎಲ್ಲಿಂದ ಬರುತ್ತದೆ? ಬಣ್ಣದಿಂದಲ್ಲ. ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮ ರಾಗಿ ಮಾಲ್ಟಿನ ಮಾಲ್ಟೇ ಇದು. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ನೀರು ಸುಮಾರು 63 ಡಿಗ್ರಿಯಲ್ಲಿದ್ದರೆ ಈಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು ಸಿಗುತ್ತದೆ, ಬಿಯರು ತೆಳ್ಳಗಾಗುತ್ತದೆ. 69 ಡಿಗ್ರಿಯ ಹತ್ತಿರ ಹೋದರೆ ಈಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್‌ಗಳು ಉಳಿಯುತ್ತವೆ. ಬಿಯರು ನೀರುಮಜ್ಜಿಗೆಯಂತಿರದೆ ಕಡೆದ ಮಜ್ಜಿಗೆಯಂತೆ ನಾಲಿಗೆಯ ಮೇಲೆ ಕೂರುತ್ತದೆ. ಓಟ್ಸ್, ಗೋಧಿ ಸೇರಿಸಿದರೆ ಇನ್ನಷ್ಟು ಮಂದ. ಕಪ್ಪು ಬಣ್ಣದ ಕತೆ ಬೇರೆ: 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ಕಾಫಿಬೀಜದಂತೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಹಿಡಿ ಕರಿ ಮಾಲ್ಟ್ ಹಾಕಿದರೆ ಬಣ್ಣ ಬರುತ್ತಿತ್ತು. ಮಂದವನ್ನು ಮಾತ್ರ ಕಾಳು ಖರ್ಚು ಮಾಡಿಯೇ ಗಳಿಸಬೇಕಿತ್ತು.

ಭಾರತಕ್ಕೆ ಬಂದ ಬಿಯರೆಂದರೆ ಇಂಡಿಯಾ ಪೇಲ್ ಏಲ್ ಎಂಬ ಕತೆಯನ್ನು ಬಿಯರಿನ ಪುಸ್ತಕಗಳು ಮತ್ತೆ ಮತ್ತೆ ಹೇಳುತ್ತವೆ. ಅದು ಅಧಿಕಾರಿಗಳ, ವ್ಯಾಪಾರಿಗಳ ಕತೆ. ಈಸ್ಟ್ ಇಂಡಿಯಾ ಕಂಪನಿ ಟೆಂಡರು ಕರೆದು ಸೈನ್ಯಕ್ಕೆಂದು ಪೀಪಾಯಿಗಟ್ಟಲೆ ತರಿಸುತ್ತಿದ್ದದ್ದು ಪೋರ್ಟರನ್ನು. ಕಾರಣ ದಯೆಯಲ್ಲ, ಲೆಕ್ಕಾಚಾರ. ಇಂಗ್ಲೆಂಡಿನಿಂದ ಕರೆತಂದ ಸೈನಿಕ ಸಾರಾಯಿ, ರಮ್ ಕುಡಿದು ಆಸ್ಪತ್ರೆ ಸೇರಿದರೆ ಖರ್ಚು. ಬಿಯರು ಅದಕ್ಕಿಂತ ಮೇಲು ಎಂದು ಸೈನ್ಯದ ವೈದ್ಯರು ವಾದಿಸಿದರು.

ಗುಡ್‌ಹೋಪ್ ಭೂಶಿರ ಸುತ್ತಿ ತಿಂಗಳುಗಟ್ಟಲೆ ಬಂದ ಪೀಪಾಯಿಗಳು ಬಂದರೇ ಇಲ್ಲದ ಮದರಾಸಿನ ಕಡಲತೀರದಲ್ಲಿ ಮಸೂಲಾ ದೋಣಿಗಳಿಗೆ ಇಳಿದು, ಅಲೆ ದಾಟಿ ದಡ ಸೇರುತ್ತಿದ್ದವು. ಅಲ್ಲಿಂದ 1809ರ ಬೆಂಗಳೂರು ದಂಡಿಗೂ 1806ರ ಸಿಕಂದರಾಬಾದ್ ದಂಡಿಗೂ ಎತ್ತಿನ ಗಾಡಿಯೇ ಗತಿ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಕಲಬುರಗಿ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಆ ತನಕ ಲಂಡನ್ನಿನ ಹಮಾಲರ ಬಿಯರನ್ನು ದಖನ್ನಿನ ಹಮಾಲರು ಹೊತ್ತರು. ಹೊತ್ತವರಿಗೆ ಅದರ ರುಚಿ ಸಿಕ್ಕಿರಲಾರದು. ಕ್ಯಾಂಟೀನಿನ ಬಾಗಿಲು ಗೋರರಿಗೆ ಮಾತ್ರ.

ಮುಂದೆ ಬಿಯರು ಇಲ್ಲೇ ತಯಾರಾಗತೊಡಗಿತು. ಮರ್ರಿಯಲ್ಲಿ 1860ರಲ್ಲಿ, ನೀಲಗಿರಿಯಲ್ಲಿ, ಬೆಂಗಳೂರಿನಲ್ಲಿ ಕಾರ್ಖಾನೆಗಳೆದ್ದವು. ದಕ್ಷಿಣದ ಐದು ಕಾರ್ಖಾನೆಗಳನ್ನು ಸೇರಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅದರ ಪೀಪಾಯಿಗಳೂ ಎತ್ತಿನ ಗಾಡಿಯಲ್ಲೇ ದಂಡಿಗೆ ಹೋದವು. ಅಷ್ಟರಲ್ಲಿ ಮಂಜುಗಡ್ಡೆಯ ಯಂತ್ರ ಬಂದಿತ್ತು. ಸೆಕೆಯ ಊರಿನಲ್ಲಿ ತಣ್ಣಗಿನ ತಿಳಿ ಲಾಗರ್ ಗೆದ್ದದ್ದು ಸಹಜ. ಬ್ರಿಟಿಷ್ ಪಡೆ ಹಡಗು ಹತ್ತಿದ ಮೇಲೆ ಪೋರ್ಟರನ್ನು ಕೇಳುವವರೂ ಉಳಿಯಲಿಲ್ಲ.

ಉಳಿದದ್ದು ‘ಗಟ್ಟಿ’ ಎಂಬ ಬಯಕೆ. ಅದನ್ನು ಮಾರುಕಟ್ಟೆ ಬೇರೆ ದಾರಿಯಲ್ಲಿ ತುಂಬಿತು. ಹೇವರ್ಡ್ಸ್ 5000, ನಾಕೌಟ್‌ಗಳ ಕಾಲದಿಂದ ಗಟ್ಟಿ ಎಂದರೆ ಆಲ್ಕೋಹಾಲಿನ ಸಂಖ್ಯೆ. ಇಂಥ ಬಿಯರಿಗೆ ಮಾಲ್ಟಿನ ಜೊತೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸುವುದು ವಾಡಿಕೆ. ಸಕ್ಕರೆಯನ್ನು ಈಸ್ಟ್ ಪೂರ್ತಿ ತಿಂದುಬಿಡುತ್ತದೆ: ಅಮಲು ಏರುತ್ತದೆ, ಮೈ ತೆಳುವಾಗುತ್ತದೆ. ಹಳೆಯ ಪೋರ್ಟರಿನಲ್ಲಿ ಆಲ್ಕೋಹಾಲ್ ಇದ್ದದ್ದು ಹೆಚ್ಚೂಕಡಿಮೆ ಶೇ 5–6. ಇಂದಿನ ಸ್ಟ್ರಾಂಗ್ ಅದಕ್ಕಿಂತ ಖಾರ, ಆದರೆ ಬಾಯಲ್ಲಿ ನೀರು.

ಮಂದ ಬಿಯರು ಈಗ ಮರಳಿದೆ. 2011ರ ಸುಮಾರಿಗೆ ಬೆಂಗಳೂರಿನಲ್ಲಿ ಟಾಯ್ಟ್, ಬಿಯರ್ ಕ್ಲಬ್‌ಗಳು ತಮ್ಮಲ್ಲೇ ತಯಾರಿಸತೊಡಗಿದವು; ತೆಲಂಗಾಣ 2015ರಲ್ಲಿ ಇಂಥ ಕಿರುತಯಾರಿಕೆಗೆ ನಿಯಮ ರೂಪಿಸಿತು. ಮೋಡಕಟ್ಟಿದಂಥ ಗೋಧಿ ಬಿಯರು, ಓಟ್ಸ್ ಹಾಕಿದ ಸ್ಟೌಟ್ ಈಗ ಜುಬಿಲಿ ಹಿಲ್ಸ್, ಗಚ್ಚಿಬೌಲಿಯ ಕಡೆ ಸಿಗುತ್ತವೆ. ಅಲ್ಲಿನ ಒಂದು ಲೋಟದ ದುಡ್ಡಿಗೆ ಕುಷಾಯಿಗೂಡದಲ್ಲಿ ಒಂದು ಬಾಟಲಿ ಸ್ಟ್ರಾಂಗ್ ಬಂದು ಚಿಲ್ಲರೆ ಉಳಿಯುತ್ತದೆ.

ಅಂದು ಮಂದವಾದದ್ದು ಕೂಲಿಗೆ, ಸೈನಿಕನಿಗೆ, ತಿಳಿಯಾದದ್ದು ದೊರೆಗೆ. ಇಂದು ಕಾಳು ಹೆಚ್ಚಿರುವ ಲೋಟ ಉಳ್ಳವರಿಗೆ. ಅಮಲು ಹೆಚ್ಚಿರುವ ಬಾಟಲಿ ದುಡಿಯುವವರಿಗೆ. ಪೋರ್ಟರು ಆರೋಗ್ಯದ ಪಾನೀಯವಾಗಿರಲಿಲ್ಲ, ಕುಡಿದು ಕೆಟ್ಟವರು ಅಂದೂ ಇದ್ದರು. ಆದರೂ ದಣಿದವನ ಬಾಯಿಗೆ ಏನು ಹಿತ ಎಂದು ಯೋಚಿಸಿ ಮಾಡಿದ ಬಿಯರು ಅದು. ಗೋದಾಮಿನಲ್ಲಿ ಪೆಟ್ಟಿಗೆ ಇಳಿಸಿ ಸಂಜೆ ಅಂಗಡಿಗೆ ಬರುವ ಹಮಾಲಿಯನ್ನು ಇಂದು ಕೇಳುವುದು ಎರಡೇ ಮಾತು: ಲೈಟಾ, ಸ್ಟ್ರಾಂಗಾ? ತನ್ನ ಹೆಸರು ಹೊತ್ತ ಬಿಯರೊಂದು ಇದೆಯೆಂದು ಅವನಿಗೆ ಯಾರೂ ಹೇಳಿಲ್ಲ.