ಗಸಗಸೆ ಪಾಯಸ, ಮೂತ್ರ ಪರೀಕ್ಷೆ ಮತ್ತು ನೋವಿನ ಮಾತ್ರೆ

ಗದಗ ತಾಲೂಕಿನ ನಮ್ಮ ಹರ್ತಿಯಲ್ಲಿ ಹಬ್ಬದ ದಿನ ಗಸಗಸೆ ಪಾಯಸ ಉಂಡು ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಅದೇ ಗಸಗಸೆ ಅಮೆರಿಕದಲ್ಲಿ ಕೆಲವರ ನೌಕರಿಗೇ ಕುತ್ತು ತಂದಿತ್ತು! ಗಸಗಸೆ ಅಂದರೆ ಅಫೀಮು ಗಿಡದ ಬೀಜ. ಬೀಜಕ್ಕೆ ಅಂಟಿದ ಹಾಲಿನ ಮಾರ್ಫಿನ್ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ.

1971ರಲ್ಲಿ ವಿಯೆಟ್ನಾಂನಿಂದ ಮನೆಗೆ ಹೊರಟ ಅಮೆರಿಕದ ಸೈನಿಕರ ಮೂತ್ರವನ್ನು ಹೆರಾಯಿನ್‌ಗಾಗಿ ಪರೀಕ್ಷಿಸಲು ಶುರು ಮಾಡಿದರು. ಮುಂದೆ ಅದು ಸರಕಾರಿ ನೌಕರರಿಗೂ ಬಂತು. 1988ರ ನಿಯಮದಲ್ಲಿ ಮಿತಿ ಮಿಲಿಲೀಟರಿಗೆ 300 ನ್ಯಾನೋಗ್ರಾಂ. ಗಸಗಸೆ ತಿಂದವರೂ ಸಿಕ್ಕಿಬೀಳತೊಡಗಿದಾಗ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು.

ಆಮೇಲೆ ಸರದಿ ರೋಗಿಗಳದ್ದು. ದೀರ್ಘಕಾಲದ ನೋವಿಗೆ ಅಫೀಮು ಜಾತಿಯ ಮಾತ್ರೆ ಕೊಡುವಾಗ ಮೊದಲು ಒಮ್ಮೆ, ನಂತರ ವರ್ಷಕ್ಕೊಮ್ಮೆಯಾದರೂ ಮೂತ್ರ ಪರೀಕ್ಷಿಸಿ ಎಂದು 2016ರಲ್ಲಿ ಅಲ್ಲಿನ ಸಿಡಿಸಿ ಹೇಳಿತು. ತೊಂದರೆ ಏನೆಂದರೆ, ಸಾಮಾನ್ಯ ಪರೀಕ್ಷೆಯಲ್ಲಿ ಫೆಂಟಾನಿಲ್ ಕಾಣುವುದೇ ಇಲ್ಲ. ನಿಯತ್ತಾಗಿ ಔಷಧ ತಗೊಂಡವನೂ 'ಮಾರಿಕೊಂಡಿರಬೇಕು' ಎಂಬ ಅನುಮಾನಕ್ಕೆ ಗುರಿಯಾಗಬಹುದು. 2022ರಲ್ಲಿ ಸಿಡಿಸಿ ತನ್ನ ಮಾತು ಮೃದುಗೊಳಿಸಿತು: ಪರೀಕ್ಷೆ ಶಿಕ್ಷೆಯಾಗಬಾರದು, ಅದರ ಫಲಿತಾಂಶ ನೋಡಿ ರೋಗಿಯನ್ನು ಹೊರಹಾಕಬಾರದು.

ನಮ್ಮಲ್ಲೇನಾಯಿತು? ನಮ್ಮ ಕಾಯಿದೆ ಕಾವಲು ಹಾಕಿದ್ದು ರೋಗಿಯ ಮೂತ್ರಕ್ಕಲ್ಲ, ಔಷಧದ ಕಪಾಟಿಗೆ. 14 ನವೆಂಬರ್ 1985ರಂದು ಮಾದಕ ವಸ್ತುಗಳ ಕಾಯಿದೆ ಜಾರಿಯಾಯಿತು. ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ ಜೈಲು, ಮಾರ್ಫಿನ್ ತರಿಸಲು ಸಾಲು ಸಾಲು ಪರವಾನಗಿ. ಲೆಕ್ಕ ತಪ್ಪಿದರೆ ಗತಿಯೇನು ಎಂದು ಹೆದರಿ ಅಂಗಡಿಗಳು, ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಮಾರ್ಫಿನ್ ಬಳಕೆ ಶೇ. 90ಕ್ಕಿಂತ ಹೆಚ್ಚು ಕುಸಿಯಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸಿ ಹೊರದೇಶಗಳಿಗೆ ಮಾರುತ್ತಿತ್ತು. ನಮ್ಮ ಕ್ಯಾನ್ಸರ್ ರೋಗಿ ಮಾತ್ರ ನರಳುತ್ತಿದ್ದ. ವಿಪರ್ಯಾಸ ನೋಡಿ, ಕ್ಯಾನ್ಸರ್ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಬೇಕೇ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು ಮರುವರ್ಷವೇ, 1986ರಲ್ಲಿ.

2014ರ ತಿದ್ದುಪಡಿಯಿಂದ ಗಂಟು ಸಡಿಲಾಯಿತು. ಮಾರ್ಫಿನ್ ಸೇರಿ ಆರು ಔಷಧಗಳನ್ನು 'ಅತ್ಯವಶ್ಯಕ' ಎಂದು ಗುರುತಿಸಿದರು. ಈಗ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಒಂದಿದ್ದರೆ ಆಸ್ಪತ್ರೆ ಅವನ್ನು ಇಡಬಹುದು.

ದುರುಪಯೋಗ ತಡೆಯಲು ನಿಯಮ ಬೇಕು, ಇಲ್ಲವೆನ್ನುವುದಿಲ್ಲ. ಅಮೆರಿಕ ಸಡಿಲ ಬಿಟ್ಟು ಸುಟ್ಟುಕೊಂಡಿತು, ನಾವು ಬಿಗಿ ಹಿಡಿದು ಸುಟ್ಟುಕೊಂಡೆವು. ಎರಡೂ ಕಡೆ ಬೆಲೆ ತೆತ್ತವರು ಹಾಸಿಗೆ ಹಿಡಿದವರೇ. ಅದಕ್ಕೇ ಹರ್ತಿಯವರು, ಯಾವ ಊರಿನವರೇ ಆಗಲಿ, ಹತ್ತಿರದ ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಬೇಕು: ಮಾನ್ಯತೆ ಇದೆಯೇ? ತರಬೇತಾದ ವೈದ್ಯರಿದ್ದಾರೆಯೇ? ಇವತ್ತು ಮಾತ್ರೆ ಇದೆಯೇ?

ಕಾಯಿದೆ ಬದಲಾದ ಸುದ್ದಿ ನೋವಿನ ಮಂಚದವರೆಗೂ ತಲುಪಬೇಕಲ್ಲವೇ?