ಸ್ಪ್ರೇ ಬೂತಿನ ಗಾಳಿ ಫಿಲ್ಟರ್: ಬಣ್ಣದ ಕಣ ಹಿಡಿಯುವ ವಿದ್ಯೆಯ ಇತಿಹಾಸ

ಬಣ್ಣ ಸಿಂಪಡಿಸುವ ಕೋಣೆಯಿಂದ ಹೊರಹೋಗುವ ಗಾಳಿಯಲ್ಲಿ ತೇಲುವ ಹನಿ ಮತ್ತು ಹುಡಿಯನ್ನು ತಡೆಯುವ ಸಾಧನವೇ ಸ್ಪ್ರೇ ಬೂತ್ ಫಿಲ್ಟರ್. ಇದರ ಅಗತ್ಯ ಹುಟ್ಟಿದ್ದು ಬಣ್ಣದಿಂದಲ್ಲ, ಬಣ್ಣ ಹಚ್ಚುವ ರೀತಿ ಬದಲಾದದ್ದರಿಂದ. ಗೋಕಾಕದ ಮರದ ಬೊಂಬೆಗೆ ಕುಂಚದಲ್ಲಿ ಬಣ್ಣ ಬಳಿದಾಗ ಅದು ಗಾಳಿಗೆ ಹಾರುವುದಿಲ್ಲ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗಲೂ ಹಾರುವುದಿಲ್ಲ. ಅಮೆರಿಕದಲ್ಲಿ 1880ರ ದಶಕದ ಕೊನೆಯಲ್ಲಿ ಜೋಸೆಫ್ ಬಿಂಕ್ಸ್ ಗೋಡೆಗಳಿಗೆ ಪಂಪಿನಿಂದ ಬಣ್ಣ ಚಿಮ್ಮಿಸಿದ. 1907ರ ಸುಮಾರಿಗೆ ಥಾಮಸ್ ಡಿವಿಲ್ಬಿಸ್ ತನ್ನ ತಂದೆಯ ಔಷಧ ಸಿಂಪಡಿಸುವ ಉಪಕರಣವನ್ನೇ ಬಣ್ಣದ ಗನ್ ಆಗಿ ಮಾರ್ಪಡಿಸಿದ. ಕೆಲಸ ಬೇಗ ಮುಗಿಯತೊಡಗಿತು. ಆದರೆ ಹಳೆಯ ಮಾದರಿಯ ಗನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ವಸ್ತುವಿನ ಮೇಲೆ ಕೂರದೆ ಗಾಳಿಪಾಲಾಗುತ್ತಿತ್ತು.

1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಮೆರುಗು ಬಂದ ಮೇಲೆ, ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಬಣ್ಣದ ಕೆಲಸ ಗಂಟೆಗಳಿಗೆ ಇಳಿಯಿತು. ಬೇಗ ಒಣಗುವ ಈ ಬಣ್ಣ ಬೇಗ ಹೊತ್ತಿಕೊಳ್ಳುತ್ತಲೂ ಇತ್ತು. ಹಾಗಾಗಿ ಮೊದಲ ಬೂತುಗಳು ಕಾಪಾಡಹೊರಟದ್ದು ಮೂರನ್ನು: ಕಟ್ಟಡವನ್ನು ಬೆಂಕಿಯಿಂದ, ಫ್ಯಾನಿನ ರೆಕ್ಕೆಗಳನ್ನು ಅಂಟಿನಿಂದ, ಹೊಸ ಮೆರುಗನ್ನು ಧೂಳಿನಿಂದ. ಬಣ್ಣಗಾರನ ಎದೆಗೂಡು ಈ ಲೆಕ್ಕದಲ್ಲಿ ಬಹಳ ಕೆಳಗಿತ್ತು. ಗಾಳಿ ತಿರುವಿಕೊಂಡು ಹೋಗುವಂತೆ ಅಡ್ಡ ಹಲಗೆ ನಿಲ್ಲಿಸಿದರು, ನೀರಿನ ಪರದೆ ಇಳಿಬಿಟ್ಟರು, ಆಮೇಲೆ ಮಡಿಕೆ ಮಡಿಕೆಯಾದ ರಟ್ಟು ಮತ್ತು ಗಾಜಿನ ನಾರಿನ ಹಾಸುಗಳನ್ನು ತಂದರು. ಗೋಕಾಕ ಜಲಪಾತದ ಬದಿಯ ಹತ್ತಿಗಿರಣಿಯಂಥ ಕಡೆ ಗಾಳಿಯಲ್ಲಿ ಹಾರುವುದು ಒಣ ಎಳೆ. ಜಾಲರಿಗೆ ಹಿಡಿದರೆ ಕೊಡವಿ ಮತ್ತೆ ಬಳಸಬಹುದು. ಬಣ್ಣದ ಹನಿ ಹಾಗಲ್ಲ. ಅದು ಹಾಸಿನ ಮೇಲ್ಮೈಗೆ ಅಂಟಿ ಪೊರೆ ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಆದ್ದರಿಂದ ಬಣ್ಣದ ಫಿಲ್ಟರ್ ಮುಂಬದಿ ಸಡಿಲ, ಹಿಂಬದಿ ಬಿಗಿ ಆಗಿರಬೇಕು. ಹನಿಗಳನ್ನು ತನ್ನ ಆಳದ ಉದ್ದಕ್ಕೂ ಹಂಚಿಕೊಳ್ಳಬೇಕು.

ಇಷ್ಟನ್ನು ಕಂಡುಕೊಂಡ ಮೇಲೂ ದಶಕಗಳ ಕಾಲ ವಿನ್ಯಾಸ ಅಲ್ಲೇ ನಿಂತಿತು. ನಾರಿನ ಕೊರತೆ ಇದಕ್ಕೆ ಕಾರಣವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೇ ಅಣುಬಾಂಬ್ ಯೋಜನೆಗಾಗಿ 0.3 ಮೈಕ್ರಾನಿನ ಕಣವನ್ನೂ ಹಿಡಿಯುವ ಕಾಗದ ಸಿದ್ಧವಾಗಿತ್ತು. ಕೊರತೆ ಇದ್ದದ್ದು ಅಳತೆಯಲ್ಲಿ. ಫಿಲ್ಟರಿನ ಯೋಗ್ಯತೆಯನ್ನು ತೂಕದಿಂದ ನಿರ್ಧರಿಸುತ್ತಿದ್ದರು: ಇಷ್ಟು ಬಣ್ಣ ಸಿಂಪಡಿಸಿದೆವು, ಇಷ್ಟು ಫಿಲ್ಟರಿನಲ್ಲಿ ಉಳಿಯಿತು. ಕಣದ ತೂಕ ಅದರ ಅಡ್ಡಳತೆಯ ಘನದಂತೆ ಏರುತ್ತದೆ. 50 ಮೈಕ್ರಾನಿನ ಒಂದು ಹನಿ 1 ಮೈಕ್ರಾನಿನ 1,25,000 ಕಣಗಳಷ್ಟು ತೂಗುತ್ತದೆ. ಅಂದಮೇಲೆ ದೊಡ್ಡ ಹನಿಗಳನ್ನಷ್ಟೇ ಹಿಡಿದು, ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣ ಕಣಗಳನ್ನು ಹೊರಬಿಟ್ಟ ಫಿಲ್ಟರೂ ತೂಕದ ಲೆಕ್ಕದಲ್ಲಿ ಶೇಕಡ 98 ಅಂಕ ಪಡೆಯಬಹುದು. ದೊಡ್ಡ ಹನಿ ತನ್ನ ವೇಗದಿಂದಲೇ ನಾರಿಗೆ ಬಡಿದು ಸಿಕ್ಕಿಬೀಳುತ್ತದೆ, 0.1 ಮೈಕ್ರಾನಿಗಿಂತ ಚಿಕ್ಕದು ಅತ್ತಿತ್ತ ಅಲೆದಾಡಿ ನಾರನ್ನು ಮುಟ್ಟುತ್ತದೆ. ನಡುವಿನದು ಗಾಳಿಯ ಎಳೆಯ ಜೊತೆ ನುಸುಳಿಬಿಡುತ್ತದೆ. ತೂಕದ ತಕ್ಕಡಿಗೆ ಈ ನುಸುಳುವಿಕೆ ಕಾಣುವುದೇ ಇಲ್ಲ. ಕಾಣದ ದೋಷವನ್ನು ತಿದ್ದಲು ಯಾವ ತಯಾರಕನೂ ಹಣ ಸುರಿಯಲಿಲ್ಲ.

ಅದನ್ನು ಕಾಣಿಸಿದ್ದು ವಿಮಾನದ ಬಣ್ಣ. ಅಲ್ಯುಮಿನಿಯಂ ತುಕ್ಕು ಹಿಡಿಯದಂತೆ ಬಳಿಯುವ ಪ್ರೈಮರಿನಲ್ಲಿ ಸ್ಟ್ರಾನ್ಷಿಯಂ ಕ್ರೋಮೇಟ್ ಇರುತ್ತದೆ. ಅದರ ಷಟ್ಸಂಯೋಜಕ ಕ್ರೋಮಿಯಂ ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ಸಿದ್ಧಪಟ್ಟ ಸಂಗತಿ. 1995ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಿಮಾನ ತಯಾರಿಕೆಗೆ ಹೊಸ ನಿಯಮ ತಂದಿತು. ಅದಕ್ಕೆ ಜೋಡಿಯಾಗಿ ಬಂದ 319ನೇ ಪರೀಕ್ಷಾ ವಿಧಾನ ಗಾತ್ರಕ್ಕೊಂದು ಅಂಕ ಕೇಳಿತು. ಹೊಸ ಘಟಕಗಳಲ್ಲಿ ದ್ರವ ಕಣ 2 ಮೈಕ್ರಾನಿಗಿಂತ ದೊಡ್ಡದಾದರೆ ಶೇಕಡ 95, 1 ಮೈಕ್ರಾನಿಗಿಂತ ದೊಡ್ಡದಾದರೆ 80, 0.42ಕ್ಕಿಂತ ದೊಡ್ಡದಾದರೆ 65ಕ್ಕೂ ಹೆಚ್ಚು ಹಿಡಿಯಬೇಕು. ಒಣ ಕಣಕ್ಕೆ ಬೇರೆಯೇ ಪಟ್ಟಿ. ಒಂದೇ ಹಾಸಿನಿಂದ ಇದು ಸಾಧ್ಯವಿರಲಿಲ್ಲ. ಒರಟು ಹಾಸು, ನಡುವಣ ಚೀಲ, ಸೂಕ್ಷ್ಮ ನಾರಿನ ಪೆಟ್ಟಿಗೆ ಎಂಬ ಮೂರು ಹಂತದ ವ್ಯವಸ್ಥೆ ನೆಲೆಗೊಂಡಿತು. ಇದು ದೂರದೇಶದ ಸಂಗತಿಯಾಗಿ ಉಳಿದಿಲ್ಲ. ಗೋಕಾಕಕ್ಕೆ ನೆರೆಯ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ 2009ರಿಂದ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ಕೆನಡಾದ ಮೆಜೆಲನ್ ಜೊತೆಗಿನ ಅದರ ಜಂಟಿ ಘಟಕ ವಿಮಾನದ ಬಿಡಿಭಾಗಗಳ ಮೇಲ್ಮೈ ಸಂಸ್ಕರಣೆಯನ್ನೇ ಕಸುಬಾಗಿ ಮಾಡುತ್ತದೆ. ಕಬ್ಬು ಬೆಳೆಯುವ ಈ ಸೀಮೆಯ ಯುವಕರಿಗೆ ಫಿಲ್ಟರಿನ ಗಾತ್ರವಾರು ಅಂಕ ಇಂದು ತಮ್ಮದೇ ಊರಿನ ಉದ್ಯೋಗದ ಪ್ರಶ್ನೆ.

ಹಾಗಿದ್ದರೆ ಎಲ್ಲ ಕಡೆ ಅತಿ ಸೂಕ್ಷ್ಮ ನಾರಿನ ಕಾಗದವನ್ನೇ ಹಾಕಬಾರದೇಕೆ ಎಂದು ಕೇಳಬಹುದು. ಹಾಕಿದರೆ ಅಂಟು ಹನಿಗಳಿಂದ ಬೇಗನೆ ಕಟ್ಟಿಕೊಂಡು ಗಾಳಿಯ ಹರಿವು ಕುಸಿಯುತ್ತದೆ. ಬೂತಿನಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಸಾಗಬೇಕಾದ ಗಾಳಿ ನಿಧಾನವಾದರೆ ಮೋಡ ಬಣ್ಣಗಾರನ ಮುಖದ ಸುತ್ತಲೇ ನಿಲ್ಲುತ್ತದೆ. ಹೊರಗಿನವರನ್ನು ಕಾಯಹೋಗಿ ಒಳಗಿನವನನ್ನು ಬಲಿಕೊಟ್ಟಂತೆ. ನೀರಿನ ಪರದೆಯೇ ಸಾಕೆಂಬ ವಾದಕ್ಕೆ ಬೆಂಕಿಯ ದೃಷ್ಟಿಯಿಂದ ಬೆಲೆಯಿದೆ, ದೊಡ್ಡ ಕಾರ್ ಕಾರ್ಖಾನೆಗಳು ಅದನ್ನು ಬಹುಕಾಲ ನೆಚ್ಚಿಕೊಂಡಿದ್ದೂ ನಿಜ; ಆದರೆ ಸಾದಾ ಪರದೆಯಿಂದ ಸೂಕ್ಷ್ಮ ಕಣ ತಪ್ಪಿಸಿಕೊಳ್ಳುತ್ತದೆ, ಹಿಡಿದ ಬಣ್ಣ ಕೆಸರಾಗಿ ಇನ್ನೊಂದು ತಲೆನೋವಾಗುತ್ತದೆ. ಸುಣ್ಣಕಲ್ಲಿನ ಹುಡಿಯನ್ನು ಫಿಲ್ಟರಿಗೆ ಪೂಸಿ, ಅಂಟನ್ನು ಹುಡಿಗೆ ಹಿಡಿಸಿ ಕೊಡವಿಹಾಕುವ ಒಣ ವಿಧಾನ 2010ರ ಆಸುಪಾಸಿನಲ್ಲಿ ಬಂದದ್ದು ಈ ಕಾರಣಕ್ಕೆ. ಅದರಿಂದ ಗಾಳಿಯನ್ನು ಮರಳಿ ಬಳಸಲು ಸಾಧ್ಯವಾಗಿ ವಿದ್ಯುತ್ತೂ ಉಳಿಯಿತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕಣ ಹಿಡಿದರೂ ಆವಿ ಹೋಗುತ್ತದಲ್ಲ? ಹೌದು, ಹೋಗುತ್ತದೆ. ದ್ರಾವಕದ ಆವಿಯನ್ನಾಗಲಿ ಎರಡು ಭಾಗದ ಪಾಲಿಯುರಿಥೇನ್ ಬಣ್ಣದ ಐಸೊಸಯನೇಟ್ ಆವಿಯನ್ನಾಗಲಿ ನಾರಿನ ಹಾಸು ತಡೆಯಲಾರದು. ಅಲ್ಲಿ ಶುದ್ಧ ಗಾಳಿ ಪೂರೈಸುವ ಮುಖಗವಸೇ ಬೇಕು. ಆದರೆ ಮುಖಗವಸು ತೊಟ್ಟವನೊಬ್ಬನನ್ನು ಕಾಯುತ್ತದೆ. ಪಕ್ಕದಲ್ಲಿ ಚಹಾ ಕುಡಿಯುವವನನ್ನಲ್ಲ. ಟ್ರ್ಯಾಕ್ಟರ್ ಟ್ರೇಲರಿಗೆ ಬಯಲಲ್ಲೇ ಗನ್ ಹಿಡಿಯುವ ರಸ್ತೆಬದಿಯ ಗ್ಯಾರೇಜಿಗೆ ಮೂರು ಹಂತದ ಬೂತು ದುಬಾರಿ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಮೊದಲು ಮಾಡಬೇಕಾದದ್ದು ಕಡಿಮೆ ಒತ್ತಡದ ಗನ್, ಬಳಿಕ ರಟ್ಟು ಮತ್ತು ಗಾಜುನಾರಿನ ಎರಡು ಹಾಸು: ಹಾರುವ ಬಣ್ಣವೇ ತಗ್ಗಿದರೆ ಹಿಡಿಯುವ ಖರ್ಚೂ ತಗ್ಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಧೂಳು-ಹೊಗೆಯನ್ನು ಹುಟ್ಟಿದೆಡೆಯೇ ಸೆಳೆದುಹಾಕಲು ಹೇಳುತ್ತಿತ್ತು. ಯಾವ ಗಾತ್ರದ ಕಣವನ್ನು ಎಷ್ಟು ಹಿಡಿಯಬೇಕೆಂದು ಹೇಳುತ್ತಿರಲಿಲ್ಲ. ಬಣ್ಣದಲ್ಲಿ ಸೀಸವನ್ನು 90 ಪಿಪಿಎಮ್‌ಗೆ ಮಿತಿಗೊಳಿಸಿದ 2016ರ ನಿಯಮವೂ ಮನೆಬಳಕೆ ಮತ್ತು ಅಲಂಕಾರದ ಬಣ್ಣಗಳಿಗಷ್ಟೇ ಅನ್ವಯ. ಕೈಗಾರಿಕಾ ಬಣ್ಣದ ಸೀಸ, ಕ್ರೋಮೇಟ್ ಅದರ ಹೊರಗೆ ಉಳಿದಿವೆ. ಅವು ಹಾರುವ ಬೂತಿಗೆ ಇಂದಿಗೂ ಕೊನೆಯ ತಡೆ ಫಿಲ್ಟರೊಂದೇ.